ಹದಿನೈದು ದಿನದ ಪಾಸೋ, ಎಂಟು ದಿನದ್ದೋ

ಕುಮಟಾದಿಂದ ಭಟ್ಕಳಕ್ಕೆ ಇಪ್ಪತ್ತು ವರ್ಷ ರೈಲಿನಲ್ಲಿ ಹೋಗಿಬಂದು ಗುಮಾಸ್ತಿಕೆ ಮಾಡಿದವನು ನಾನು. ಹೊನ್ನಾವರದಲ್ಲಿ ಹತ್ತುತ್ತಿದ್ದ ಸ್ನೇಹಿತನೂ ಅದೇ ಕಚೇರಿಯವನು. ಇಬ್ಬರ ಕಿಸೆಯಲ್ಲೂ ತಿಂಗಳ ಪಾಸು ಇರುತ್ತಿತ್ತು. ಪಾಸಿನವರದೊಂದು ಧರ್ಮಶಾಸ್ತ್ರವಿದೆ. ಎಲ್ಲೂ ಅಚ್ಚಾಗಿಲ್ಲ, ಆದರೂ ಅದನ್ನು ಮೀರಿದವರನ್ನು ನಾನು ಕಂಡಿಲ್ಲ. ಪಾಸಿದ್ದೂ ರೈಲು ಹತ್ತದ ದಿನ ದಂಡದ ದಿನ, ಅಷ್ಟೇ ಅದರ ಸಾರ. ಸ್ನೇಹಿತ ಇದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದನೆಂದರೆ, ಭಾನುವಾರಗಳಂದು ಕೆಲಸವಿಲ್ಲದಿದ್ದರೂ ಭಟ್ಕಳಕ್ಕೆ ಹೋಗಿ, ಒಂದು ಮೊಳ ಮಲ್ಲಿಗೆ ಕೊಂಡು, ಮುಂದಿನ ಗಾಡಿಗೆ ವಾಪಸಾಗುತ್ತಿದ್ದ.

ನಾವಿಬ್ಬರೂ ನಿವೃತ್ತರಾದೆವು. ಕಳೆದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಅದರ ಬಗ್ಗೆ ಹೆಚ್ಚು ಬರೆಯಲು ನನ್ನಲ್ಲಿ ಸಾಮಗ್ರಿಯಿಲ್ಲ. ಅಳು ಬರಲಿಲ್ಲ. ಇದು ದೂರಲ್ಲ, ವರದಿ. ಬಂದವರು ಧೈರ್ಯ ಹೇಳಿದರು. ನಾನು ಅವರಿಗೆ ಚಹಾ ಮಾಡಿಕೊಟ್ಟೆ. ಹದಿನಾಲ್ಕನೆಯ ದಿನ ಬೆಳಿಗ್ಗೆ ಮನೆಗೆ ಬೀಗ ಹಾಕಿ ಮಿರ್ಜಾನದ ಬಸ್ಸು ಹತ್ತಿದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ. ಮರುದಿನ ಸಂತೆಗುಳಿ, ಅದರ ಮರುದಿನ ಗೇರುಸೊಪ್ಪ. ಇಳಿದು ಒಂದು ಚಹಾ ಕುಡಿಯುವುದು, ಅದೇ ಬಸ್ಸು ತಿರುಗಿ ಹೊರಟರೆ ಅದಕ್ಕೇ ಹತ್ತುವುದು. ಹೀಗೆ ಏಳು ತಿಂಗಳು. ಕಂಡಕ್ಟರುಗಳು ನನ್ನನ್ನು ಯಾವುದೋ ಇಲಾಖೆಯ ತಪಾಸಣೆಯವನೆಂದು ತಿಳಿದು ಮರ್ಯಾದೆ ಕೊಡತೊಡಗಿದರು. ನಾನೂ ತಿದ್ದಲಿಲ್ಲ.

ಸ್ನೇಹಿತನಿಗೆ ಇದು ಹೇಗೋ ಗೊತ್ತಾಗಿರಬೇಕು. ಒಂದು ದಿನ ಫೋನ್ ಮಾಡಿ, "ಸ್ವಿಟ್ಜರ್ಲೆಂಡಿಗೆ ಹೋಗ್ವ ಮಾರಾಯಾ. ನಾನು, ಅಕ್ಕೋರು, ನೀನು. ಎಂತದೂ ಮಾಡೂದು ಬ್ಯಾಡ. ರೈಲಲ್ಲಿ ಕೂತ್ರಾತು" ಎಂದ. ಅಕ್ಕೋರು ಎಂದರೆ ಅವನ ಹೆಂಡತಿ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು. ಊರಿಗೂ ಅಕ್ಕೋರು, ಗಂಡನಿಗೂ ಅಕ್ಕೋರು. ನಾನು ಆಗಲಿ ಎಂದೆ. ಬೇಡ ಎನ್ನುವುದಕ್ಕೂ ಒಂದಿಷ್ಟು ಆಸಕ್ತಿ ಬೇಕಾಗುತ್ತದೆ.

ಪಾಸು ಆರಿಸಲು ಹೊನ್ನಾವರದ ಅವರ ಮನೆಯಲ್ಲಿ ಸಭೆ ಸೇರಿತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಒಂದು ನೋಟ್‌ಬುಕ್ಕು, ಒಂದು ತಟ್ಟೆ ಶಂಕರಪೋಳಿ. ಆ ದೇಶದ ಪಾಸಿನಲ್ಲಿ ಎರಡು ಜಾತಿ. ಒಂದು, ಹದಿನೈದು ದಿನ ಒಂದೇ ಸಮನೆ ನಡೆಯುವುದು. ದಿನವೂ ಯಾವ ರೈಲಾದರೂ ಹತ್ತಬಹುದು. ಇನ್ನೊಂದು, ಒಂದು ತಿಂಗಳೊಳಗೆ ನಮಗೆ ಬೇಕಾದ ಎಂಟು ದಿನ ಆರಿಸಿಕೊಂಡು ಓಡಾಡುವುದು. ಮಿಕ್ಕ ದಿನ ರೈಲಿಲ್ಲ, ಇದ್ದಲ್ಲೇ ಇರಬೇಕು. ನಾವು ಆ ದೇಶದಲ್ಲಿ ಇರುವುದೇ ಹದಿನೈದು ದಿನವಾದ್ದರಿಂದ, ಎರಡನೆಯದರಲ್ಲಿ ಏಳು ದಿನ ಖಾಲಿ.

"ಖಾಲಿ ದಿನ ಇದ್ದ ಪಾಸು ಎಂತಕ್ಕೆ?" ಎಂದ ಸ್ನೇಹಿತ. "ಹದಿನೈದರದ್ದೇ ತಕಂಬ. ದಿನಾ ಹತ್ತೂದು. ಒಂದು ದಿನವೂ ದಂಡ ಆಗೂಕಿಲ್ಲ."

ನಾನು ಕೂಡಲೇ ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ಮನೆಯಿಂದ ಒಂದು ಪಟ್ಟಿಯನ್ನೂ ಬರೆದು ತಂದಿದ್ದೆ. ಹದಿನೈದು ದಿನ, ದಿನಕ್ಕೆ ಎರಡು ರೈಲು, ಕೆಲವು ದಿನ ಮೂರು. ಬೆಟ್ಟ ಹತ್ತುವುದು, ಇಳಿಯುವುದು, ಸರೋವರದ ಆಚೆ ದಡದಲ್ಲಿ ಹೋಗುವುದು, ಈಚೆ ದಡದಲ್ಲಿ ಬರುವುದು. ನಮ್ಮ ಕಚೇರಿಯಲ್ಲೂ ಇಷ್ಟು ಚೊಕ್ಕವಾಗಿ ನಾನು ಕೆಲಸ ಮಾಡಿದ್ದಿಲ್ಲ. ಸ್ನೇಹಿತ ಅದನ್ನು ಓದಿ, ಹಳೆಯ ಪಾಸುದಾರನೊಬ್ಬ ಇನ್ನೊಬ್ಬನಿಗೆ ಸಲ್ಲಿಸಬೇಕಾದ ಗೌರವದಿಂದ ತಲೆದೂಗಿದ.

ಅಕ್ಕೋರು ಕೈ ಒರೆಸಿಕೊಂಡು ಬಂದು ಪಟ್ಟಿ ಎತ್ತಿಕೊಂಡರು. ಅಭ್ಯಾಸಬಲದಿಂದ ಕೆಂಪು ಪೆನ್ನನ್ನೂ.

"ಅಣ್ಣಾ, ಇದ್ರಲ್ಲಿ ಇಳಿಯೂದು ಎಲ್ಲಿ?"

"ರಾತ್ರಿಗೆ ಇಳಿತೇವಲ್ಲ."

"ಮಲಗೂಕೆ ಇಳಿದ್ದು ಇಳಿದ ಲೆಕ್ಕ ಅಲ್ಲ. ಊರು ನೋಡೂದು ಯಾವಾಗ?"

"ಕಿಡಕಿಯಿಂದ ಎಲ್ಲಾ ಕಾಣ್ತದೆ" ಎಂದ ಸ್ನೇಹಿತ. "ದಿನಾ ಹತ್ತದಿದ್ರೆ ಪಾಸು ದಂಡ. ಭಟ್ಕಳಕ್ಕೆ ಆಯಿತವಾರವೂ ಹೋಗ್ತಿದ್ನಲ್ಲ ನಾನು, ಮತ್ತೆಂತಕ್ಕೆ?"

ಅಕ್ಕೋರು ಗಂಡನತ್ತ ತಿರುಗಿದರು. "ಹಂಗಾರೆ ಆ ಮಲ್ಲಿಗೆ ಪಾಸಿನ ಸಲುವಾಗಿ. ನಾನು ಅಷ್ಟು ವರ್ಷ ನನಗೇ ತಂದದ್ದು ಅಂದ್ಕಂಡು ಮುಡಿದೆ."

ಸ್ನೇಹಿತ ಶಂಕರಪೋಳಿಯ ತಟ್ಟೆಯತ್ತ ಕೈ ಚಾಚಿದ. ಅವರು ತಟ್ಟೆಯನ್ನು ನನ್ನ ಕಡೆ ಸರಿಸಿದರು. ಆಮೇಲೆ ಪಟ್ಟಿಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದರು:

"ಇವರದು ಪಾಸಿನ ಹುಚ್ಚು, ಅದು ಹಳೇದು. ನಿಮ್ಮದು ಅದಲ್ಲ ಅಣ್ಣಾ. ನೀವು ಗೇರುಸೊಪ್ಪ ಬಸ್ಸಲ್ಲಿ ಹೋಗೂದು, ಬರೂದು ನಾನೇ ಎರಡು ಸಲ ಕಂಡಿದ್ದೆ. ಮಾತಾಡ್ಸಲಿಲ್ಲ. ಕುಮಟಾದಲ್ಲಿ ಕೂರೂಕೆ ಆಗದಿದ್ದವರಿಗೆ ಅಲ್ಲಿಯೂ ಕೂರೂಕೆ ಆಗೂದಿಲ್ಲ. ಬರೀ ದೂರದ ಬಸ್ಸಾತು ಅದು."

ಬೇಜಾರಾಯಿತೇ ಎಂದು ಒಳಗೆ ಹುಡುಕಿ ನೋಡಿದೆ. ಆಗಿರಲಿಲ್ಲ. ಅವರು ಹೇಳಿದ್ದು ಸರಿ ಎಂದಷ್ಟೇ ತಿಳಿಯಿತು, ಗಡಿಯಾರ ನೋಡಿದಾಗ ಗಂಟೆ ತಿಳಿಯುವ ಹಾಗೆ. ಎಂಟು ದಿನದ ಪಾಸಿನ ಹೆಸರೆತ್ತಿದಾಗಿನಿಂದ ಆ ಏಳು ಖಾಲಿ ದಿನಗಳು ನನ್ನ ಕಣ್ಣ ಮುಂದಿದ್ದವು: ಒಂದು ಹೋಟೆಲಿನ ಕೋಣೆ, ಒಂದು ಕುರ್ಚಿ, ಹೊರಗೆ ಬೆಟ್ಟ, ಮಧ್ಯಾಹ್ನದ ಎರಡು ಗಂಟೆ.

"ಏಳು ದಿನ ಎಂತ ಮಾಡೂದು ಅಲ್ಲಿ?" ಎಂದೆ.

"ಎಂತದೂ ಇಲ್ಲ. ಕೂರೂದು. ನಾನೂ ಕೂರ್ತೆ. ಇವರು ಬೇಕಾರೆ ಸ್ಟೇಶನ್ನಿಗೆ ಹೋಗಿ ಗಾಡಿ ಎಣಿಸ್ಲಿ."

"ಎಂಟು ದಿನದ್ದೇ ಇರಲಿ" ಎಂದೆ.

ಸ್ನೇಹಿತ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡ. ಎರಡು ಬಾರಿ "ಖರೇ ಹೌದಾ?" ಎಂದು ನನ್ನನ್ನು ಕೇಳಿದ, ಮೂರನೆಯ ಬಾರಿ ಲ್ಯಾಪ್‌ಟಾಪೇ ಕೇಳಿತು. ಶ್ರಾದ್ಧಕ್ಕೆ ಕೂತವನ ಗಾಂಭೀರ್ಯದಿಂದ ಅವನು ಗುಂಡಿ ಒತ್ತಿದ.

ಹೊರಡಲು ಇನ್ನೂ ಆರು ವಾರವಿತ್ತು. ಮರುದಿನ ಪೂರ್ವಾಭ್ಯಾಸವೆಂದು ಕುಮಟಾದ ಮನೆಯಲ್ಲೇ ಉಳಿದೆ. ಹತ್ತು ಗಂಟೆಯವರೆಗೆ ಪೇಪರು ಓದಿದೆ, ಟೆಂಡರು ನೋಟೀಸು ಸಮೇತ. ಹತ್ತೂವರೆಗೆ ಚಪ್ಪಲಿ ಮೆಟ್ಟಿದೆ. ಕಳಚಿದೆ. ಮತ್ತೆ ಮೆಟ್ಟಿ, ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿರುವಾಗ, ಬುಟ್ಟಿ ಹೊತ್ತು ಹೋಗುತ್ತಿದ್ದ ಮೀನಿನವಳು ಗೇಟಿನ ಹತ್ತಿರ ನಿಂತಳು.

"ಇದ್ರಾ ಒಡೆಯಾ? ಬೀಗ ಕಂಡು ಕಂಡು ನಾನು ಈ ಗೇಟಿಗೆ ಕೂಗೂದೇ ಬಿಟ್ಟಿದ್ದೆ. ಬಂಗಡೆ ಉಂಟು, ಈಗ ಬಂದದ್ದು."

ಎಂಟು ಬಂಗಡೆ ತೆಗೆದುಕೊಂಡೆ. ಒಬ್ಬನಿಗೆ ಅದು ಜಾಸ್ತಿ. ಅವಳೇ ಬಾವಿಯ ಹತ್ತಿರ ಕೂತು ಕೊಯ್ದು ಕೊಟ್ಟು ಹೋದಳು. ನಾನು ಪಾತ್ರೆ ಹಿಡಿದು ಒಳಗೆ ಬಂದೆ. ಹಸಿ ಮೀನು ಮನೆಯಲ್ಲಿಟ್ಟು ಯಾರೂ ಬಸ್ಸು ಹತ್ತುವುದಿಲ್ಲ. ಚಪ್ಪಲಿ ಬಿಟ್ಟು, ಹುಣಸೆಹಣ್ಣಿನ ಡಬ್ಬಿ ಯಾವುದೆಂದು ಒಂದೊಂದೇ ಮುಚ್ಚಳ ತೆರೆದು ನೋಡತೊಡಗಿದೆ.