ಬೀಗ ಹಾಕಿದ ಗೇಟಿಗೆ ಗುಡ್ ಈವ್ನಿಂಗ್

ಮೊನ್ನೆ ಹೂಡಿಯ ನಮ್ಮ ಮನೆ ಮುಂದೆ ಒಂದು ಗಾಡಿ ಹಳೇ ಹೆಂಚು ಬಂದಿಳಿಯಿತು, ಕೊಟ್ಟಿಗೆಗೆ ಹೊದಿಸಲು. ವೈಟ್‌ಫೀಲ್ಡಿನಲ್ಲಿ ಯಾವುದೋ ಬಂಗಲೆ ಕೆಡವಿದರಂತೆ. ಆ ಪಾಚಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಗೈಡ್‌ಗಿರಿ ನೆನಪಾಯಿತು.

ಆಗ ನಾನು ಪಿಯುಸಿ. ಆನೇಕಲ್ಲಿನಿಂದ ಬಂದಿದ್ದ ಅತ್ತೆ ಮಗ ಕೆಂಪಣ್ಣನಿಗೆ ವೈಟ್‌ಫೀಲ್ಡಿನ ಆಂಗ್ಲೋ ಇಂಡಿಯನ್ನರ ಕಾಲೊನಿ ತೋರಿಸುತ್ತೇನೆಂದು ನಡೆಸಿಕೊಂಡು ಹೋಗಿದ್ದೆ. ಅದರ ಬಗ್ಗೆ ನನಗೆಷ್ಟು ಗೊತ್ತಿತ್ತು ಎಂದು ಕೇಳಬೇಡಿ. ಅಲ್ಲಿಗೆ ಹಾಲು ಹಾಕುತ್ತಿದ್ದದ್ದು ಅಪ್ಪ, ನಾನಲ್ಲ. ನಮ್ಮ ಪ್ರಕಾರ ರಸ್ತೆ ಅಂದರೆ ಎಲ್ಲಿಗಾದರೂ ಹೋಗುವಂಥದ್ದು. ಅಲ್ಲಿಯದು ಬಳೆಯಂತೆ ದುಂಡಗಿದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ.

"ಈ ನಾಯೀನ ಆಗ್ಲೇ ನೋಡಿದ್ವಲ್ಲೋ?" ಎಂದ ಕೆಂಪಣ್ಣ.

"ಇಂಗ್ಲಿಷ್ ನಾಯಿಗಳೆಲ್ಲ ಅಂಗೇ ಇರ್ತವೆ. ಸುಮ್ನೆ ಬಾ."

ಮೂರನೇ ಸಲ ಆ ನಾಯಿ ಬೊಗಳುವುದನ್ನೂ ಬಿಟ್ಟು ಬಾಲ ಅಲ್ಲಾಡಿಸಿತು. ಅದರ ಹಿಂದೆಯೇ ನಿಕ್ಕರು, ಟೋಪಿ ಹಾಕಿದ್ದ ಮುದುಕರೊಬ್ಬರು ಕೋಲೆತ್ತಿಕೊಂಡು ಬಂದರು.

"ಏನ್ ಮ್ಯಾನ್, ಮೂರ್ ಸಲ ನೋಡ್ತೀಯ ಮನೇನ? ಬ್ರೋಕರಾ? ಮಾರಲ್ಲ, ಹೋಗು!"

"ಬ್ರೋಕರ್ ಅಲ್ಲ ಅಂಕಲ್, ದಾರಿ ತಪ್ಪೋಯ್ತು."

ಪಕ್ಕದೂರಿನಲ್ಲೇ ದಾರಿ ತಪ್ಪಿದ ಗೈಡು! ಅಂಕಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನಾಲ್ಕನೇ ಸುತ್ತಿಗೆ ತಾವೇ ಜೊತೆಗೆ ಹೊರಟರು. ಸಂಜೆ ನಡೆಯುವಾಗ ಪ್ರತಿ ಗೇಟಿಗೂ ನಿಂತು ಗುಡ್ ಈವ್ನಿಂಗ್ ಹೇಳುವುದು ಅಲ್ಲಿಯವರ ಪದ್ಧತಿಯಂತೆ. ಒಂದು ಗೇಟಿನಿಂದ ಉತ್ತರದ ಜೊತೆ ಕೇಕೂ ಬಂತು. ಕೆಂಪಣ್ಣನ ಪಾಲನ್ನೂ ನಾನೇ ತಿಂದೆ. ಮುಂದಿನ ಗೇಟಿಗೆ ಬೀಗ. ಅಂಕಲ್ ಅಲ್ಲೂ ಟೋಪಿ ತೆಗೆದು, "ಗುಡ್ ಈವ್ನಿಂಗ್, ಡೋರಿಸ್," ಎಂದರು.

"ಒಳಗ್ಯಾರೂ ಇಲ್ವಲ್ಲ ಅಂಕಲ್?" ನನ್ನ ಬಾಯಿ ಸುಮ್ಮನಿರಬೇಕಲ್ಲ.

"ನನ್ ತಂಗಿ. ಆಸ್ಟ್ರೇಲಿಯಾಗೆ ಹೋದ್ಲು. ಹೇಳೋದ್ ನಿಲ್ಸಿದ್ರೆ, ಹೋದ್ಲು ಅಂತ ನಾನೇ ಒಪ್ಕೊಂಡಂಗೆ, ಮ್ಯಾನ್."

ಅಂಥ ಗೇಟುಗಳು ಇನ್ನೂ ನಾಲ್ಕಿದ್ದವು. ಪ್ರತಿಯೊಂದಕ್ಕೂ ಟೋಪಿ ತೆಗೆದರು. ಕೊನೆಯದಕ್ಕೆ ಕೆಂಪಣ್ಣನೂ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿದ.

ಮೊನ್ನೆ ಹೆಂಚು ಇಳಿದ ಸಂಜೆಯೇ ಅಲ್ಲಿಗೆ ಹೋದೆ. ನಾಯಿ ಇರಲಿಲ್ಲ. ಅಂಕಲ್ ಗೇಟು ಇತ್ತು, ಹಿಂದೆ ಮನೆ ಇರಲಿಲ್ಲ. ಅಂಕಲ್ ಮನೆಯ ಸೂರು ನಮ್ಮ ಹಸುಗಳ ತಲೆ ಮೇಲೆ ಕೂರಲು ಬಂದಿತ್ತು.

"ಗುಡ್ ಈವ್ನಿಂಗ್, ಅಂಕಲ್," ಎಂದೆ.

ಇಟ್ಟಿಗೆ ಜೋಡಿಸುತ್ತಿದ್ದ ಆಳು ಸುತ್ತ ನೋಡಿದ. "ಇಲ್ಲಿ ಯಾರವ್ರೆ ಸಾರ್?"

"ಒಬ್ರವ್ರೆ ಕಣಪ್ಪ. ಮಾರಲ್ಲ ಅಂದಿದ್ರು."

ಈಗ ದಾರಿ ಚೆನ್ನಾಗಿ ಗೊತ್ತು. ಆದರೂ ಸುತ್ತು ಹಾಕಿ ಹಾಕಿ, ಅದೇ ಗೇಟಿನ ಮುಂದೆ ಇನ್ನೆರಡು ಸಲ ಹಾದೆ. ಮೂರನೇ ಸಲಕ್ಕೆ ಕೋಲೆತ್ತಿಕೊಂಡು ಬರುತ್ತಾರೇನೋ ಎಂದು.