ಕಾಫಿ ಕೇಳುವ ಪಾತ್ರ

ಸಾವಿತ್ರಮ್ಮ ಕೂಗಾಡಬಹುದಿತ್ತು. ಕೂಗಾಡದೆ ಸುಮ್ಮನೆ ಎದ್ದು ಹೋಗಬಹುದಿತ್ತು. ಅದು ಇನ್ನೂ ಕಷ್ಟ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿರುವ ಅವರ ಮೈದುನ ಶಿಫ್ಟ್ ಮುಗಿಸಿಕೊಂಡು ನಾಲ್ಕು ಜನರೊಂದಿಗೆ ನಮ್ಮ ಜಗುಲಿಗೆ ಬಂದು, "ಏನ್ ಮೇಷ್ಟ್ರೇ, ನಮ್ಮತ್ತಿಗೆ ವಿಷ್ಯ ಬರೆಯೋಕೆ ನೀವ್ಯಾರು?" ಅನ್ನಬಹುದಿತ್ತು. ಸಾವಿತ್ರಮ್ಮ ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿ, ನಮ್ಮ ಎರಡು ಮಗ್ಗವೂ ನಿಂತು, ಮಗ್ಗ ನಡೆಸುವ ನನ್ನ ತಮ್ಮ ಗೋಪಾಲ ನನ್ನೊಂದಿಗೆ ಮಾತು ಬಿಟ್ಟು, ಮನೆ ಪಾಲಾಗಿ, ಪಾಲಿನಲ್ಲಿ ನನಗೆ ನಲ್ಲಿಯಿಲ್ಲದ ಹಿಂಭಾಗ ಬರಬಹುದಿತ್ತು. ಚಿಂತೆಗೆ ಕೂತರೆ ನಾನು ಹೀಗೆ ಕೊನೆಯ ಅಧ್ಯಾಯದವರೆಗೂ ಸಲೀಸಾಗಿ ಹೋಗುತ್ತೇನೆ. ಕಾದಂಬರಿ ಬರೆಯುವಾಗ ಮಾತ್ರ ಈ ಶಕ್ತಿ ಕೈಕೊಡುತ್ತದೆ.

ಆಗಿದ್ದಿಷ್ಟು. ನಮ್ಮ ದೊಡ್ಡಬಳ್ಳಾಪುರದ ಒಂದು ಸಣ್ಣ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಗೆ ನಾನು ಸಾವಿತ್ರಮ್ಮನವರ ಬಗ್ಗೆ ಬರೆದೆ. ಹೆಸರು ಬದಲಾಯಿಸಲಿಲ್ಲ, ಬೀದಿ ಬದಲಾಯಿಸಲಿಲ್ಲ. ಅವರನ್ನು ಕೇಳಲೂ ಇಲ್ಲ. ಕೇಳಿದರೆ ಬೇಡ ಅಂದುಬಿಟ್ಟಾರು ಎಂಬ ಹೆದರಿಕೆ. ಅಚ್ಚಾಗಿ ಬಂದ ಮೇಲೆ ಹೆದರಿಕೆ ಬಾಕಿ ವಸೂಲಿಗೆ ಬಂತು.

ಸಾವಿತ್ರಮ್ಮನವರ ಕೆಲಸವನ್ನು ಹೊರಗಿನವರಿಗೆ ಹೇಳಬೇಕು. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಹೂಡಿದ ನೂಲು, ಮುಗಿಯುತ್ತಾ ಬಂದಾಗ, ಅದರ ತುದಿಯ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಕೂಡಿಸಬೇಕು. ಸಾವಿರಾರು ಎಳೆ, ಕೂದಲಿಗಿಂತ ಸಣ್ಣದು. ಬೂದಿಯಲ್ಲಿ ಬೆರಳದ್ದಿ ಒಂದು ಸಲ ಹೊಸೆದರೆ ಎರಡು ಎಳೆ ಒಂದಾಗುತ್ತವೆ. ಮಗ್ಗದ ಮುಂದೆ ಕೂತು ಇಡೀ ದಿನ ಇದನ್ನೇ ಮಾಡುತ್ತಾ, ಕಾಫಿ ಕುಡಿಯುತ್ತಾ, ನನ್ನ ಹೆಂಡತಿಯೊಂದಿಗೆ ಬೀದಿಯ ಸುದ್ದಿಯೆಲ್ಲ ಮಾತಾಡುತ್ತಾ ಅವರು ಎಳೆ ಮಾತ್ರ ತಪ್ಪುವುದಿಲ್ಲ. ಮೂರು ಸಾಲು ಬರೆದು ನಾಲ್ಕು ಸಾಲು ಹೊಡೆದುಹಾಕುವ ನಾನು ಬಾಗಿಲಲ್ಲಿ ನಿಂತು ಅದನ್ನು ನೋಡುತ್ತೇನೆ. ದೇವಸ್ಥಾನದಲ್ಲಿ ಕೂಡ ನಾನು ಅಷ್ಟು ಹೊತ್ತು ನಿಂತವನಲ್ಲ.

ನಾನು ಸಾಹಿತ್ಯದ ಎಲ್ಲ ಮನೆಗಳ ಬಾಗಿಲನ್ನೂ ತಟ್ಟಿ ಬಂದವನು. ಹರೆಯದಲ್ಲಿ ಕವಿತೆ. ಕವಿಗೆ ಇರುವ ಸೌಕರ್ಯ ಇನ್ನಾರಿಗೂ ಇಲ್ಲ. ನಮ್ಮ ಆಲಂಕಾರಿಕರು ಕವಿಸಮಯ ಎಂದು ಒಂದು ರಿಯಾಯಿತಿಯನ್ನೇ ಕೊಟ್ಟಿದ್ದಾರೆ: ಚಕೋರ ಪಕ್ಷಿ ಬೆಳದಿಂಗಳು ಕುಡಿಯುತ್ತದೆ ಎಂದು ಬರೆದರೆ, ಯಾವ ಲೋಟದಲ್ಲಿ ಎಂದು ಯಾರೂ ಕೇಳುವಂತಿಲ್ಲ. ಆಮೇಲೆ ನಾಟಕ. ಶಾಲಾ ವಾರ್ಷಿಕೋತ್ಸವದಲ್ಲಿ ನನ್ನ ರಾಜ ಮಾತು ಮರೆತು ನಿಂತ; ಜನ ಬೈದದ್ದು ಅವನನ್ನು, ನನ್ನನ್ನಲ್ಲ. ಕಥೆಯಲ್ಲಿ ಒಬ್ಬ ಜಿಪುಣನನ್ನು ತಂದಾಗ ಮೂವರು ಜಗಳಕ್ಕೆ ಬಂದರು, ಅವರಲ್ಲಿ ಇಬ್ಬರ ಪರಿಚಯವೇ ನನಗಿರಲಿಲ್ಲ. "ಎಲ್ಲಾ ಕಲ್ಪನೆ ಸ್ವಾಮಿ" ಎಂದು ಪಾರಾದೆ. ಇನ್ನು ಕಾದಂಬರಿ. ಅದರ ನಾಯಕನನ್ನು ಮುಂದೆ ಎಲ್ಲಿಗೆ ಕಳಿಸಬೇಕೆಂದು ತೋಚದೆ, ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಬಂದೆ. ಹನ್ನೊಂದು ವರ್ಷದಿಂದ ಪಾಪ, ಕುಂದಾಣದ ಬಸ್ಸಿಗೆ ಕಾಯುತ್ತಿದ್ದಾನೆ.

ಕೊನೆಗೆ ಹಿಡಿದದ್ದು ಈ ಪ್ರಕಾರ. ನಡೆದದ್ದನ್ನೇ, ನಡೆದ ಹಾಗೆಯೇ, ಆದರೆ ಕಥೆ ಓದಿದಷ್ಟು ಸುಖವಾಗುವಂತೆ ಬರೆಯುವುದು. ಇದಕ್ಕೊಂದು ಒಪ್ಪುವ ಹೆಸರು ನನಗಿನ್ನೂ ಸಿಕ್ಕಿಲ್ಲ. ಪ್ರಬಂಧ ಎಂದರೆ ನನ್ನ ಎಂಟನೇ ಕ್ಲಾಸಿನ ಮಕ್ಕಳು "ಹಸು ಒಂದು ಸಾಧು ಪ್ರಾಣಿ" ಎಂದು ಶುರುಮಾಡುತ್ತಾರೆ. ಬೇರೆ ಪ್ರಕಾರಗಳಿಗೂ ಇದಕ್ಕೂ ನಾನು ಕಂಡ ವ್ಯತ್ಯಾಸ ಇಷ್ಟೇ: ಕಥೆಯ ಪಾತ್ರ ಪುಸ್ತಕ ಮುಚ್ಚಿದರೆ ಒಳಗೇ ಇರುತ್ತದೆ. ಇಲ್ಲಿನ ಪಾತ್ರ ಭಾನುವಾರ ಬೆಳಿಗ್ಗೆ ನಿಮ್ಮ ಮನೆಗೆ ಬಂದು, ಚಪ್ಪಲಿ ಬಿಟ್ಟು, ಕಾಫಿ ಕೇಳುತ್ತದೆ.

ಸಾವಿತ್ರಮ್ಮ ಹಾಗೆಯೇ ಬಂದರು. ಮಗ್ಗದ ಮುಂದೆ ಕೂತು, ಬೂದಿಯ ಬಟ್ಟಲು ಪಕ್ಕಕ್ಕಿಟ್ಟುಕೊಂಡು, ಎಳೆ ಹೊಸೆಯುತ್ತಲೇ ಕೇಳಿದರು:

"ನನ್ ಬಗ್ಗೆ ಏನೋ ಬರ್ದಿದ್ದೀರಂತೆ?"

ನಾನು ಲೋಟ ತೊಳೆಯಲು ಎದ್ದೆ. ಹೆಂಡತಿ ಅಡಿಗೆಮನೆಯಿಂದ, "ಬರೆಯೋವಾಗ ಇದ್ದ ಧೈರ್ಯ ಎಲ್ಲಿ ಹೋಯ್ತು ರೀ?" ಎಂದಳು. ಇಂಥ ಹೊತ್ತಿನಲ್ಲಿ ಅವಳ ದನಿ ಬಹಳ ಸ್ಪಷ್ಟ.

"ಓದಿ ಮತ್ತೆ. ನನ್ ಕೈಗೆ ಬಿಡುವಿಲ್ಲ, ಕಿವಿ ಖಾಲಿ ಐತೆ" ಎಂದರು ಸಾವಿತ್ರಮ್ಮ.

ಬೀದಿಯ ಮಗ್ಗಗಳ ಸದ್ದಿನಲ್ಲಿ ಹೇಗೆ ಓದಲಿ ಎಂದು ನೆಪ ಹೇಳೋಣವೆಂದರೆ, ಆ ಕ್ಷಣಕ್ಕೇ ಕರೆಂಟು ಹೋಯಿತು. ಬೀದಿಗೆ ಬೀದಿಯೇ ನಿಂತಿತು. ನಮ್ಮಲ್ಲಿ ಪುಸ್ತಕ ಓದಿ ಹೇಳುವುದಕ್ಕೆ ಲೋಡ್ ಶೆಡ್ಡಿಂಗ್ ಬಿಟ್ಟರೆ ಬೇರೆ ಮುಹೂರ್ತವಿಲ್ಲ.

ಓದಿದೆ. ಮುಖ ನೋಡುವ ಧೈರ್ಯವಿಲ್ಲದೆ, ಸಾಲು ಸಾಲಿಗೂ ಅವರ ಬೆರಳು ನೋಡಿದೆ. ಬೂದಿ, ಎಳೆ, ಹೊಸೆತ. ಅವರ ಬಾಯಿ ಜೋರು ಎಂದು ಬರೆದಿದ್ದೆ, ಬೆರಳು ನಿಲ್ಲಲಿಲ್ಲ. ಓಡಿಹೋಗಿ ಮದುವೆಯಾದದ್ದನ್ನು ಬರೆದಿದ್ದೆ; ನಿಲ್ಲಲಿಲ್ಲ. ಗಂಡ ಕುಡಿಯುತ್ತಿದ್ದದ್ದನ್ನು ದನಿ ತಗ್ಗಿಸಿ ಓದಿದೆ. "ಜೋರಾಗಿ ಓದಿ, ಊರಿಗೇ ಗೊತ್ತಿರೋದು" ಎಂದರು. ಕೊನೆಗೆ, ಎಂಬತ್ತೊಂಬತ್ತನೇ ಇಸವಿಯಲ್ಲಿ ಗಂಡ ತೀರಿಹೋದ ಹನ್ನೆರಡನೆಯ ದಿನ, ನಮ್ಮ ಮನೆಯಲ್ಲಿ ಅರ್ಧಕ್ಕೆ ಬಿಟ್ಟಿದ್ದ ಹಾಸನ್ನು ಮುಗಿಸಲು ಅವರು ಒಬ್ಬರೇ ನಡೆದು ಬಂದ ಪ್ರಸಂಗ. ಅವತ್ತು ನಾನು ಶಾಲೆಯಲ್ಲಿದ್ದೆ. ತಮ್ಮ ಹೇಳಿದ್ದನ್ನು ಕೇಳಿ ಬರೆದಿದ್ದೆ.

"ಹೊರಗೆ ಸಣ್ಣಗೆ ಮಳೆ ಬೀಳುತ್ತಿತ್ತು..."

ಬೆರಳು ನಿಂತಿತು.

"ಮಳೆ ಎಲ್ಲಿ ಬಂತು ಮೇಷ್ಟ್ರೇ?"

ಇಡೀ ಬರಹದಲ್ಲಿ ನಾನು ಕೈಯಿಂದ ಹಾಕಿದ್ದು ಅದೊಂದೇ. ದುಃಖವಿದ್ದಲ್ಲಿ ಒಂದು ಮಳೆಯಿದ್ದರೆ ಚೆಂದವೆಂದು, ಹಳೆಯ ಕವಿಯ ಚಾಳಿಯಿಂದ, ರಿಯಾಯಿತಿ ಇಲ್ಲದ ಜಾಗಕ್ಕೆ ಕದ್ದು ತಂದದ್ದು. ಸಾವಿರಾರು ಎಳೆಗಳ ನಡುವೆ ಅವರ ಬೆರಳು ನೇರವಾಗಿ ಅದರ ಮೇಲೆ ಹೋಗಿ ಕೂತಿತ್ತು.

"ಸುಡು ಬಿಸಿಲು ಕಣ್ರೀ ಅವತ್ತು. ಉಗಾದಿ ಕಳೆದಿತ್ತು. ಯಾವುದೋ ಗ್ಯಾನದಲ್ಲಿ ಚಪ್ಪಲಿ ಮರ್ತು ಬಂದ್ಬಿಟ್ಟಿದ್ದೆ. ಹನ್ನೆರಡು ದಿನ ನಂಗೆ ಒಂದು ತೊಟ್ಟು ಕಣ್ಣೀರು ಬಂದಿರಲಿಲ್ಲ. ನಮ್ಮತ್ತೆ, 'ಎಂಥಾ ಕಲ್ಲೆದೆಯೋಳು' ಅಂತಾನೂ ಅಂದ್ಲು. ಟಾರ್ ರೋಡಲ್ಲಿ ಕಾಲು ಸುಡ್ತು ನೋಡಿ, ಬೇವಿನ ಮರದ ಬುಡದಲ್ಲಿ ನಿಂತ್ಕೊಂಡು ಗೊಳೋ ಅಂತ ಅತ್ಬಿಟ್ಟೆ. ಹೋಗೋ ಬರೋರೆಲ್ಲ, ಪಾಪ ಕಾಲು ಸುಟ್ಟು ಅಳ್ತಾವ್ಳೆ ಅಂದ್ಕೊಂಡ್ರು. ನಾನೂ ಹಂಗೇ ಅಂದ್ಕೊಂಡೆ, ಸ್ವಲ್ಪ ಹೊತ್ತು."

ಬೂದಿಗೆ ಬೆರಳದ್ದಿ ಮುಂದಿನ ಎಳೆ ಹಿಡಿದರು. "ಮಳೆ ಬಂದಿದ್ರೆ ಕಾಲೆಲ್ಲಿ ಸುಡ್ತಿತ್ತು? ನಾನೆಲ್ಲಿ ಅಳ್ತಿದ್ದೆ?"

ಮೂವತ್ತು ವರ್ಷ ಕೂತು ಬರೆದರೂ ಆ ಟಾರ್ ರೋಡು ನನಗೆ ಹೊಳೆಯುತ್ತಿರಲಿಲ್ಲ. ಅದು ಅಲ್ಲೇ ಇತ್ತು, ಕೇಳಿದ್ದರೆ ಸಿಗುತ್ತಿತ್ತು. ಕಲ್ಪನೆ ದೊಡ್ಡದೋ, ನಡೆದದ್ದು ದೊಡ್ಡದೋ ಎಂದು ಭಾಷಣ ಮಾಡಬಲ್ಲ ನಾನು, ಆ ಬೂದಿಯ ಬೆರಳುಗಳ ಮುಂದೆ ಹೋಂವರ್ಕ್ ಮಾಡದ ಹುಡುಗನ ಹಾಗೆ ನಿಂತಿದ್ದೆ.

"ಕೋಪ ಬಂತಾ ಅಕ್ಕಾ?"

"ಕೋಪ ಯಾಕೆ? ಮಿಕ್ಕಿದ್ದೆಲ್ಲ ನೆಟ್ಟಗೈತೆ. ಈ ಪುಸ್ತಕ ನಂಗಿರಲಿ, ಮಗಳ ಹತ್ರ ಇನ್ನೊಂದ್ಸಲ ಓದಿಸ್ತೀನಿ. ಆ ಮಳೆ ಒಂದು ಹೊಡೆದಾಕಿ ಕೊಡಿ."

ಮಕ್ಕಳ ಪುಸ್ತಕ ತಿದ್ದುವ ಕೆಂಪು ಪೆನ್ನು ತಂದು ಹೊಡೆದು ಕೊಟ್ಟೆ. ಕರೆಂಟು ಬಂದು ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಶುರುವಾದವು. ಸಂಜೆ ಅವರ ಮೈದುನ ನಮ್ಮ ಜಗುಲಿಗೆ ಬಂದದ್ದೂ ನಿಜ. ಇನ್ನೊಂದು ಪ್ರತಿ ಬೇಕಂತೆ. ತಮ್ಮ ಮಾತು ಬಿಡಲಿಲ್ಲ, ಮನೆ ಪಾಲಾಗಲಿಲ್ಲ, ನಲ್ಲಿ ಇದ್ದಲ್ಲೇ ಇದೆ. ನಾನು ನಿದ್ದೆಗೆಟ್ಟು ಎಣಿಸಿದ್ದರಲ್ಲಿ ಒಂದೂ ಆಗಲಿಲ್ಲ. ಆದದ್ದು ಇಷ್ಟೇ: ಮೋಡದ ತುಣುಕೂ ಇಲ್ಲದ ಒಂದು ದಿನ, ದೊಡ್ಡಬಳ್ಳಾಪುರದಲ್ಲಿ, ಸಣ್ಣಗೆ ಮಳೆ ಬಿದ್ದಿತ್ತು.