ಸುಮ್ಮನೆ ಕೂರುವ ಕೆಲಸ

"ಆಂಟಿ, ಪೇರೆಂಟ್ಸ್ ಎಲ್ಲಾ ಕೆಳಗಡೆ ವೇಟ್ ಮಾಡ್ಬೇಕು."

ಬೆಂಗಳೂರಿಗೆ ಬಂದ ಮೂರನೆಯ ದಿನ, ವಿಜಯನಗರದ ಒಂದು ತರಬೇತಿ ಕೇಂದ್ರದ ಬಾಗಿಲಲ್ಲಿ ನನಗೆ ಸಿಕ್ಕ ಸ್ವಾಗತ ಇದು. ಹೇಳಿದ ಹುಡುಗಿಯ ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಹಾಜರಿ ಪಟ್ಟಿ. ಆ ಪಟ್ಟಿಯ ಹನ್ನೊಂದನೆಯ ಹೆಸರು ನನ್ನದು, ಬೆರಳಿಟ್ಟು ತೋರಿಸಿದೆ. ಅವಳು ಹೆಸರು ನೋಡಿದಳು, ನನ್ನ ಮುಖ ನೋಡಿದಳು, "ಓ, ನೀವೇ ಸ್ಟೂಡೆಂಟಾ ಮೇಡಂ?" ಎಂದಳು. ಒಳಗಿದ್ದ ಅಷ್ಟೂ ಮಕ್ಕಳು ತಿರುಗಿ ನೋಡಿದರು. ನನಗೆ ಮೂವತ್ತೇಳು ವರ್ಷ. ವಿಜಯಪುರದಲ್ಲಿ ಅದು ಹೇಳಿಕೊಳ್ಳುವಂಥ ವಯಸ್ಸೇ ಅಲ್ಲ. ಇಲ್ಲಿ ಒಂದೇ ವಾಕ್ಯಕ್ಕೆ ನಾನು ಮುದುಕಿಯಾಗಿ ಕೊನೆಯ ಬೆಂಚಿನಲ್ಲಿ ಹೋಗಿ ಕೂತೆ.

ಕಲಿಯಲು ಬಂದದ್ದು ಯುಎಕ್ಸ್ ಎನ್ನುವ ವಿದ್ಯೆ. ಮೊಬೈಲಿನ ಪರದೆ ಹೇಗೆ ಕಾಣಬೇಕು, ಅದನ್ನು ಹಿಡಿದ ಮನುಷ್ಯ ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಲ್ಲಿ ಒತ್ತಬೇಕು ಎಂದು ರೂಪಿಸುವ ಕೆಲಸ. ಊರಲ್ಲಿ ನಾನು ಹದಿನಾಲ್ಕು ವರ್ಷ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಮಾಡಿದವಳು. ನನ್ನ ಕುರ್ಚಿಯ ಪಕ್ಕದಲ್ಲೊಂದು ಸ್ಟೂಲು ಇರುತ್ತಿತ್ತು. ಗಿರಾಕಿ ಅದರ ಮೇಲೆ ಕೂತು, ನಾಲ್ಕು ನಮೂನೆ ನೋಡಿ, ತಲೆ ಕೆರೆದು, "ನಿಮಗ ಚಲೋ ಕಂಡಂಗ ಮಾಡ್ರಿ ಅಕ್ಕಾರ" ಎನ್ನುತ್ತಿದ್ದ. ಅವನ ಬೆರಳು ತಡವರಿಸಿದ ಜಾಗದಲ್ಲಿ ನಾನು ಬೆರಳಿಟ್ಟು, "ಇದ ಇರಲಿ ನೋಡ್ರಿ, ಬಣ್ಣ ಎದ್ದ ಕಾಣತೈತಿ" ಎಂದರೆ ಮುಗಿಯಿತು. ಆ ಕಸುಬಿನ ಜಾಣತನವೇ ಅದು. ಆಮೇಲೆ ಜನ ಫೋನಿನಲ್ಲೇ ಪತ್ರಿಕೆ ಮಾಡಿ ಫೋನಿನಲ್ಲೇ ಹಂಚತೊಡಗಿದರು. ಮಾಲೀಕರು ಪ್ರೆಸ್ಸು ಮುಚ್ಚಿ ಮೊಬೈಲ್ ಕವರಿನ ಅಂಗಡಿ ಹಾಕಿಕೊಂಡರು.

ಗಂಡ ಬಸವರಾಜ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಮಗಳು ಸಹನಾ ಆಗ ಏಳನೇ ಕ್ಲಾಸಿಗೆ ಹೋಗುತ್ತಿದ್ದಳು. ನಾನು ಹೊರಡುವಾಗ ಮನೆಯಲ್ಲಿ ಒಂದು ಮಾತಾಯಿತು: ವರ್ಷದೊಳಗೆ ನನ್ನ ಕೆಲಸ ಕಾಯಂ ಆದರೆ ಎಂಟನೇ ಕ್ಲಾಸಿಗೆ ಸಹನಾ ಬೆಂಗಳೂರಿಗೆ ಬರುತ್ತಾಳೆ, ಅವಳ ಹಿಂದೆಯೇ ಅವರಪ್ಪನೂ ಬರುತ್ತಾರೆ. ಆಗದಿದ್ದರೆ ಅವಳು ಅಲ್ಲೇ ಆಯಿಯ ಹತ್ತಿರ, ಅಂದರೆ ನನ್ನ ಅತ್ತೆಯ ಹತ್ತಿರ ಇರುತ್ತಾಳೆ. ಸಹನಾ ಅದನ್ನು ನೋಟುಬುಕ್ಕಿನ ಹಿಂದೆ ಬರೆದುಕೊಂಡಿದ್ದಳು. ಅವಳು ಅಂಥವಳು, ಮಾತು ಬರೆದಿಟ್ಟುಕೊಳ್ಳುವವಳು.

ಮನೆ ಸಿಕ್ಕಿದ್ದು ಮಲ್ಲತ್ತಹಳ್ಳಿಯಲ್ಲಿ. ಅದಕ್ಕೂ ಮೊದಲು ಆರ್‌ಪಿಸಿ ಲೇಔಟಿನಲ್ಲಿ ಐದು ಮನೆ ನೋಡಿದ್ದೆ, ಐದೂ ಕಡೆ "ಒಬ್ರೇನಾ?" ಎಂಬ ಪ್ರಶ್ನೆ, ಹೌದೆಂದರೆ ಬಾಗಿಲು ಅರ್ಧ ಮುಚ್ಚುವುದು. ಮಲ್ಲತ್ತಹಳ್ಳಿಯ ಪುಟ್ಟಲಕ್ಷ್ಮಮ್ಮ ಮಾತ್ರ ಬಾಗಿಲು ಪೂರ್ತಿ ತೆಗೆದು, "ಒಬ್ಳೇ ಆದ್ರೇನವ್ವ, ನಾನೂ ಒಬ್ಳೇ ಕಣವ್ವ ಕೆಳಗಡೆ. ಮೇಲ್ಗಡೆ ನೀನಿರು" ಎಂದರು. ಎಪ್ಪತ್ತು ದಾಟಿದ ಹೆಂಗಸು. ಅವರ ಗಂಡನ ಕಡೆಯವರು ಅಲ್ಲಿ ರಾಗಿ ಬೆಳೆಯುತ್ತಿದ್ದವರು. ಈಗ ಆ ಹೊಲದ ಮೇಲೆ ಮೂರಂತಸ್ತಿನ ಮನೆ ನಿಂತಿದೆ. ನೀರಿನ ಟ್ಯಾಂಕ್ ತೋರಿಸಲು ಕರೆದುಕೊಂಡು ಹೋದವರು, "ಇಲ್ಲೇ ಕಣ ಮಾಡ್ತಿದ್ವಿ" ಎಂದು ಕಾರು ನಿಲ್ಲಿಸುವ ಜಾಗ ತೋರಿಸಿದರು.

ನಮ್ಮ ಕಡೆ ಊಟವೆಂದರೆ ರೊಟ್ಟಿ ಬಡಿಯುವ ಸದ್ದು ಮೊದಲು ಕೇಳಬೇಕು. ಇಲ್ಲಿ ಊಟ ಸದ್ದಿಲ್ಲದೆ ಬರುತ್ತದೆ: ಮುದ್ದೆ, ಜೊತೆಗೆ ಬಸ್ಸಾರು, ಅಂದರೆ ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನ ಸಾರು. ಮೊದಲ ಸಲ ನಾನು ಮುದ್ದೆಯನ್ನು ಅಗಿದೆ. ಪುಟ್ಟಲಕ್ಷ್ಮಮ್ಮ ನಕ್ಕು ನಕ್ಕು ಸೆರಗು ಬಾಯಿಗಿಟ್ಟುಕೊಂಡರು. "ನುಂಗ್ಬೇಕು ಕಣವ್ವ, ಅಗೀಬಾರ್ದು! ಹಲ್ಲಿಲ್ದೋರ್ಗೂ ಆಗ್ಲಿ ಅಂತ ಮಾಡವ್ರೆ ಇದನ್ನ." ಒಂದು ತಿಂಗಳಿಗೆ ನುಂಗಲು ಕಲಿತೆ. ನಾನು ಮಾಡಿದ ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಅವರು ಖಾರಕ್ಕೆ ಕಣ್ಣೀರು ಸುರಿಸುತ್ತಲೇ ತಿಂದರು. ನನ್ನನ್ನು ‘ನೀನು’ ಎನ್ನುವ ಒಂದೇ ಒಂದು ಬಾಯಿ ಆ ಇಡೀ ಊರಲ್ಲಿ ಅವರದು. ಉಳಿದವರಿಗೆಲ್ಲ ನಾನು ಮೇಡಂ, ಇಲ್ಲವೇ ಆಂಟಿ.

ತರಗತಿಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಏಣಿ ಬರೆದಿದ್ದರು. ಕೆಳಗೆ ಇಂಟರ್ನ್, ಮೇಲೆ ಜೂನಿಯರ್, ಡಿಸೈನರ್, ಸೀನಿಯರ್, ಲೀಡ್. "ಲೀಡ್ ಆದ್ಮೇಲೆ ಏನು ಸಾರ್?" ಎಂದು ಯಾರೋ ಕೇಳಿದರೆ, "ಅಲ್ಲಿಗೆ ಹೋದೋರು ಯಾರೂ ಹೇಳೋಕೆ ವಾಪಸ್ ಬಂದಿಲ್ಲ ಕಣ್ರಪ್ಪ" ಎಂದು ನಗಿಸಿದರು. ಕಲಿತದ್ದನ್ನೆಲ್ಲ ಪೋರ್ಟ್‌ಫೋಲಿಯೋ ಎಂಬ ಕಡತ ಮಾಡಿ ಕಂಪನಿಗಳಿಗೆ ಕಳಿಸಬೇಕು. ಕಳಿಸಿದೆ. ಕರೆದ ಕಡೆಗಳಲ್ಲಿ ಇಪ್ಪತ್ತಾರರ ಹುಡುಗರು ನನ್ನನ್ನು ಸಂದರ್ಶಿಸಿದರು, ನನ್ನ ಹದಿನಾಲ್ಕು ವರ್ಷವನ್ನು ‘ಗ್ಯಾಪ್’ ಎಂದರು. ಲಗ್ನಪತ್ರಿಕೆಯ ಕೆಲಸ ಅವರ ಲೆಕ್ಕದಲ್ಲಿ ಕೆಲಸವೇ ಅಲ್ಲ. ಸಿಟ್ಟು ಬಂದಿತ್ತು, ನುಂಗಿದೆ.

ಕೊನೆಗೆ ರಾಜಾಜಿನಗರದ ಒಂದು ಸಣ್ಣ ಕಚೇರಿ ನನ್ನನ್ನು ತೆಗೆದುಕೊಂಡಿತು. ಬಡಾವಣೆಯ ಕ್ಲಿನಿಕ್ಕುಗಳಲ್ಲಿ ಡಾಕ್ಟರ ಸಮಯ ಗೊತ್ತುಮಾಡಿಕೊಳ್ಳುವ ಆ್ಯಪು ಅವರದು. ಆರು ತಿಂಗಳ ಕರಾರು, ಜೂನಿಯರ್. ಲೀಡ್ ನಿಖಿಲನಿಗೆ ಇಪ್ಪತ್ತೆಂಟು. ಒಳ್ಳೆಯ ಹುಡುಗ, ಆದರೆ ಕಾಯಂ ಮಾತೆತ್ತಿದರೆ ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದ. ಒಂದು ದಿನ ತಾನಾಗಿಯೇ ಕರೆದು, "ಮೇಡಂ, ವಯಸ್ಸಾದೋರ ಜೊತೆ ಟೆಸ್ಟ್ ಮಾಡ್ಬೇಕು. ನಿಮ್ಮಷ್ಟು ಚೆನ್ನಾಗಿ ಅವರ ಹತ್ರ ಮಾತಾಡೋರು ಟೀಮಲ್ಲಿ ಯಾರೂ ಇಲ್ಲ. ಇದು ಚೆನ್ನಾಗಿ ಆದ್ರೆ ನಿಮ್ಮ ಕನ್ಫರ್ಮೇಶನ್ ನಾನೇ ಕೇಳ್ತೀನಿ" ಎಂದ. ಅಂದು ಸಂಜೆ ಸಹನಾಳಿಗೆ ಫೋನು ಮಾಡಿ, "ನಿನಗ ಇಲ್ಲೆ ಸಾಲಿ ನೋಡಾಕ ಶುರು ಮಾಡತೀನಿ" ಎಂದೆ. ಅವಳು ಅದನ್ನೂ ಬರೆದುಕೊಂಡಿರಬೇಕು.

ಟೆಸ್ಟ್ ಎಂದರೆ ಇಷ್ಟೇ: ಒಬ್ಬರ ಕೈಗೆ ಫೋನು ಕೊಟ್ಟು, "ನಾಳೆ ಬೆಳಿಗ್ಗೆಗೆ ಡಾಕ್ಟರ ಸಮಯ ತಗೊಳ್ಳಿ" ಎಂದು ಹೇಳಿ, ಅವರು ಏನು ಮಾಡುತ್ತಾರೆಂದು ನೋಡುವುದು. ಪಕ್ಕದಲ್ಲಿ ಸಣ್ಣ ಕ್ಯಾಮೆರಾ. ಬಸವೇಶ್ವರನಗರದಲ್ಲಿ ಇಬ್ಬರು ನಿವೃತ್ತ ಟೀಚರುಗಳು, ಕೆಂಗೇರಿಯಲ್ಲಿ ಒಬ್ಬರು ಹೂವಿನ ವ್ಯಾಪಾರಿ, ಅವರ ಅಣ್ಣ, ಮತ್ತೆ ನಮ್ಮ ಪುಟ್ಟಲಕ್ಷ್ಮಮ್ಮ. ಹೋದ ಕಡೆಯೆಲ್ಲ ಕಾಫಿ ಕುಡಿದೆ, ಐದು ಜನರೂ ಸಮಯ ಗೊತ್ತುಮಾಡಿಕೊಂಡರು. ಐದಕ್ಕೆ ಐದು. ಕಚೇರಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಆ್ಯಪು ಕ್ಲಿನಿಕ್ಕುಗಳಿಗೆ ಹೋಯಿತು.

ಎರಡೇ ವಾರದಲ್ಲಿ ದೂರುಗಳು ಬಂದವು. ಅರವತ್ತು ದಾಟಿದ ಯಾರಿಗೂ ಅದು ಬಳಸಲು ಬರುತ್ತಿಲ್ಲ. ಜನ ಮೊದಲಿನ ಹಾಗೆ ಬೆಳಿಗ್ಗೆಯೇ ಬಂದು ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂರುತ್ತಿದ್ದಾರೆ. ನಿಖಿಲ ನನ್ನ ಐದೂ ವಿಡಿಯೋ ಹಾಕಿಕೊಂಡು ಕೂತ. ನನ್ನನ್ನು ಕರೆದು, ವಿಡಿಯೋವನ್ನು ಒಂದು ಕಡೆ ನಿಲ್ಲಿಸಿ, "ಇದು ಯಾರ ಬೆರಳು ಮೇಡಂ?" ಎಂದು ಕೇಳಿದ.

ನನ್ನದು. ಹೂವಿನ ವ್ಯಾಪಾರಿಯ ಹೆಬ್ಬೆರಳು ಪರದೆಯ ಮೇಲೆ ತಡವರಿಸಿದಾಗ, ಪಕ್ಕದಿಂದ ಬಂದು ಸರಿಯಾದ ಜಾಗ ತೋರಿಸಿದ ಬೆರಳು. ಐದು ವಿಡಿಯೋದಲ್ಲೂ ಇತ್ತು. ಧ್ವನಿಯೂ ಇತ್ತು: "ಇಲ್ಲೇ ಒತ್ರಿ, ಹಾಂ, ಚಲೋ ಆತು." ನಾನು ಮೋಸ ಮಾಡಿರಲಿಲ್ಲ. ಕೈ ಹೋದದ್ದೇ ನನಗೆ ತಿಳಿದಿರಲಿಲ್ಲ. ಹದಿನಾಲ್ಕು ವರ್ಷ ಸ್ಟೂಲಿನ ಮೇಲಿನವರಿಗೆ ತೋರಿಸಿದ ಕೈ ಅದು. ಎದುರಿಗೆ ಹಿರಿಯರು ಒದ್ದಾಡುವಾಗ ನೋಡುತ್ತಾ ಕೂರುವುದನ್ನು ನಮ್ಮಲ್ಲಿ ಯಾರೂ ಕಲಿಸುವುದಿಲ್ಲ. ಆದರೆ ಈ ಕೆಲಸದ ಮೊದಲ ಪಾಠವೇ ಅದು. ತರಗತಿಯಲ್ಲಿ ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿ ಪೂರ್ತಿ ಅಂಕವನ್ನೂ ಪಡೆದಿದ್ದೆ.

"ಇನ್ನೊಂದು ಸಲ ಮಾಡಿ. ಕೈ ಕಟ್ಕೊಂಡು ಕೂತ್ಕೊಳ್ಳಿ. ಅವ್ರು ಏನೇ ಕೇಳಿದ್ರೂ, ‘ನಿಮಗೆ ಏನನ್ಸುತ್ತೋ ಹಾಗೆ ಮಾಡಿ’ ಅಷ್ಟೇ ಹೇಳಿ. ಇದು ಲಾಸ್ಟ್ ಚಾನ್ಸ್ ಮೇಡಂ, ನಾನೂ ಮೇಲಿನೋರಿಗೆ ಉತ್ತರ ಕೊಡ್ಬೇಕು" ಎಂದ ನಿಖಿಲ. ತಪ್ಪೇನೂ ಹೇಳಲಿಲ್ಲ ಅವನು.

ನಾಲ್ವರ ಹತ್ತಿರ ಹೇಗೋ ಕೈ ತಡೆದುಕೊಂಡೆ. ಪುಟ್ಟಲಕ್ಷ್ಮಮ್ಮ ಕೊನೆಯವರು. ನಡುಮನೆಯಲ್ಲಿ ಚಾಪೆ ಹಾಸಿ, ಒಳ್ಳೆಯ ಸೀರೆ ಉಟ್ಟುಕೊಂಡು ಕಾಯುತ್ತಿದ್ದರು. ಹೋದ ಸಲ ತಾನು ಪಾಸಾದೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡಿದ್ದರು. ಫೋನು ಕೈಗೆ ಕೊಟ್ಟೆ, ಕೈ ಕಟ್ಟಿ ಕೂತೆ.

ಡಾಕ್ಟರ ಚಿತ್ರ ಒತ್ತಿದರು. ದಿನಾಂಕಗಳ ಪಟ್ಟಿ ಬಂತು. ಅಲ್ಲಿ ನಿಂತರು. "ಇಲ್ಲಿ ಒತ್ಲಾ?"

"ನಿಮಗೆ ಏನನ್ಸುತ್ತೋ ಹಾಗೆ ಮಾಡಿ ಅಮ್ಮ."

ನಕ್ಕರು. ಆಟವೆಂದುಕೊಂಡರೇನೋ. ಯಾವುದನ್ನೋ ಒತ್ತಿದರು, ಪರದೆ ಹಿಂದಕ್ಕೆ ಹೋಯಿತು. ಮತ್ತೆ ಬಂದರು, ಮತ್ತೆ ಹಿಂದಕ್ಕೆ ಹೋಯಿತು. "ಅವತ್ತು ತೋರ್ಸಿದ್ಯಲ್ಲವ್ವ, ಎಲ್ಲೈತೆ ಅದು?"

"ನಿಮಗೆ ಏನನ್ಸುತ್ತೋ ಹಾಗೆ..."

ನನ್ನ ಉಗುರು ನನ್ನದೇ ತೋಳಿಗೆ ಚುಚ್ಚುತ್ತಿತ್ತು. ಒಂದು ಬೆರಳು ಚಾಚಿದರೆ ಮುಗಿಯುತ್ತಿತ್ತು. ಸಹನಾಳ ಎಂಟನೇ ಕ್ಲಾಸನ್ನು ನೆನೆಸಿಕೊಂಡು ಕೂತೆ. ಹನ್ನೊಂದು ನಿಮಿಷ ಅವರು ಪ್ರಯತ್ನಪಟ್ಟರು. ಆಮೇಲೆ ಫೋನನ್ನು ಚಾಪೆಯ ಮೇಲೆ ಮೆಲ್ಲಗೆ ಇಟ್ಟು ಕ್ಯಾಮೆರಾ ನೋಡಿದರು, ನನ್ನನ್ನು ನೋಡಿದರು. "ನಂಗೆ ಬರಲ್ಲ ಬಿಡವ್ವ. ಗೊತ್ತಿದ್ದೂ ಗೊತ್ತಿದ್ದೂ ಬಾಯ್ಬಿಡ್ದೆ ಕೂತಿದ್ಯಲ್ಲ, ಮನೆ ಮಗಳು ಅನ್ಕೊಂಡಿದ್ದೆ ನಿನ್ನ" ಎಂದು ಎದ್ದು ಒಳಗೆ ಹೋದರು. ಕಾಫಿ ಬರಲಿಲ್ಲ.

ಆ ವಿಡಿಯೋ ಕಚೇರಿಯಲ್ಲಿ ದೊಡ್ಡ ಪರದೆಯ ಮೇಲೆ ಓಡಿತು. ದಿನಾಂಕದ ಪುಟವನ್ನು ಪೂರ್ತಿ ಬದಲಿಸಬೇಕೆಂದು ತೀರ್ಮಾನವಾಯಿತು, ಬದಲಿಸಿದ್ದೂ ಆಯಿತು. ಈಗ ಅದನ್ನು ಮುದುಕರು ಸಲೀಸಾಗಿ ಬಳಸುತ್ತಾರೆ, ಆ ಮಟ್ಟಿಗೆ ನಾನು ಮಾಡಿದ್ದು ಸರಿಯೇ. ನಿಖಿಲ ನನ್ನ ಮೇಜಿನ ಹತ್ತಿರ ಬಂದು, "ಈಗ ನೀವು ನಿಜವಾಗ್ಲೂ ಡಿಸೈನರ್ ಮೇಡಂ" ಎಂದ.

ಪುಟ್ಟಲಕ್ಷ್ಮಮ್ಮನಿಗೆ ತಪ್ಪಾಯಿತೆಂದು ಹೇಳಲು ಮೂರು ಸಲ ಕೆಳಗಿಳಿದೆ. ಬೈದಿದ್ದರೆ ಚೆನ್ನಾಗಿತ್ತು. "ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದರು. ಬನ್ನಿ, ಕೂತ್ಕೊಳ್ಳಿ. ನಮ್ಮ ಕಡೆ ಸಿಟ್ಟು ಬಂದರೆ ಜನ ಏಕವಚನಕ್ಕಿಳಿಯುತ್ತಾರೆ, ಈ ಹೆಂಗಸು ಬಹುವಚನಕ್ಕೇರಿದರು. ಕೆಲಸದಲ್ಲಿ ಹಾಗೆ ಕೂರಬೇಕಾಗುತ್ತದೆ ಎಂದು ವಿವರಿಸಿದೆ. ಎಲ್ಲ ಕೇಳಿ, "ಇರ್ಬೋದು ಮೇಡಂ, ನಮ್ಗೆಲ್ಲಿ ಗೊತ್ತಾಗುತ್ತೆ" ಎಂದರು.

ಅದೇ ತಿಂಗಳ ಕೊನೆಗೆ ಕಚೇರಿಯಲ್ಲಿ ಎಲ್ಲರನ್ನೂ ಕೂರಿಸಿ ಹೊಸ ವ್ಯವಸ್ಥೆ ವಿವರಿಸಿದರು. ಇನ್ನು ಮುಂದೆ ಮನೆಮನೆಗೆ ಹೋಗುವ ಟೆಸ್ಟ್ ಇಲ್ಲ. ಕಂಪ್ಯೂಟರೇ ಬಳಕೆದಾರರನ್ನು ಸೃಷ್ಟಿಸಿ, ಅವರ ಕಷ್ಟವನ್ನೂ ಅದೇ ಹೇಳುತ್ತದಂತೆ. ಎಪ್ಪತ್ತು ವರ್ಷದ, ಕನ್ನಡ ಮಾತಾಡುವ, ಕಣ್ಣು ಮಂಜಾದ ಹೆಂಗಸು ಬೇಕೆಂದರೆ ನಿಮಿಷದಲ್ಲಿ ಸಿಗುತ್ತಾಳೆ. ಹೊಸ ಡಿಸೈನರುಗಳ ಹುದ್ದೆ ಇಲ್ಲ. ನಿಖಿಲನೂ ಬೇರೆ ಕೆಲಸ ಹುಡುಕುತ್ತಿದ್ದಾನೆಂದು ಆಮೇಲೆ ತಿಳಿಯಿತು. ನನಗೆ ಇನ್ನೊಂದು ಆರು ತಿಂಗಳ ಕರಾರು ಕೊಟ್ಟರು, ಜೂನಿಯರ್ ಆಗಿಯೇ, ಕಂಪ್ಯೂಟರು ಬರೆದ ಕನ್ನಡ ತಿದ್ದಲು. ಸಹಿ ಹಾಕಿದೆ. ಊರಲ್ಲಿ ಪ್ರೆಸ್ಸು ಇಲ್ಲ, ಇಲ್ಲಿ ಏಣಿ ಇಲ್ಲ, ಮತ್ತೇನು ಮಾಡಲಿ?

ಸಹನಾಳಿಗೆ ಹೇಳಲು ಎರಡು ದಿನ ಬೇಕಾಯಿತು. ಅವಳು ಅಳಲಿಲ್ಲ. "ಹೋಗ್ಲಿ ಬಿಡವ್ವಾ, ಇಲ್ಲೇ ಗೆಳತ್ಯಾರ ಅದಾರ" ಎಂದಳು. ಸಮಾಧಾನ ಹೇಳಬೇಕಾದವಳು ನಾನು.

ಶಾಲೆ ಶುರುವಾಗುವ ದಿನಕ್ಕೆ ರಜೆ ಹಾಕಿ ವಿಜಯಪುರಕ್ಕೆ ಹೋದೆ. ಎರಡು ಮಾತಿಗೊಮ್ಮೆ ನನ್ನ ಬಾಯಲ್ಲಿ ‘ಕಣೇ’ ಬರುತ್ತದೆಂದು ಓಣಿಯವರು ನಕ್ಕರು. ರೊಟ್ಟಿ ಮುರಿಯುವಾಗ ಕೈ ಬಸ್ಸಾರು ಹುಡುಕಿತು. ಬೆಳಿಗ್ಗೆ ಸಹನಾ ಹೊಸ ಸಮವಸ್ತ್ರ ಹಾಕಿ ಕನ್ನಡಿಯ ಮುಂದೆ ನಿಂತಿದ್ದಳು. ಎಂಟನೆಯವರಿಗೆ ಎರಡು ಜಡೆ, ಮಡಿಚಿ ಕಟ್ಟಬೇಕು. ಬಲಗಡೆಯದು ಬಂತು. ಎಡಗಡೆಯ ರಿಬ್ಬನ್ನು ಜಾರಿತು. ಮತ್ತೆ ಸುತ್ತಿದಳು, ಮತ್ತೆ ಜಾರಿತು. ಮೊಣಕೈ ಎತ್ತಿ ಹಿಡಿದದ್ದರಿಂದ ತುದಿ ಕಾಣುತ್ತಿಲ್ಲ, ಅದಕ್ಕೇ ಪ್ರತಿ ಸಲ ಒಂದೇ ಕಡೆ ತಪ್ಪುತ್ತಿದೆ ಎಂದು ನಾನು ಮಂಚದ ಮೇಲೆ ಕೂತು ಗಮನಿಸಿದೆ. ಮೂರನೆಯ ಸಲ. ನಾಲ್ಕನೆಯ ಸಲ.

ಕನ್ನಡಿಯೊಳಗಿಂದ ಅವಳು ನನ್ನನ್ನು ನೋಡಿದಳು. ನಾನು ಕೈ ಕಟ್ಟಿ ಕೂತಿದ್ದೆ.

"ಏನ ನೋಡಾಕತ್ತೀ ಅವ್ವಾ?" ಎಂದಳು. ನಾನು ಏಳುವುದರೊಳಗೆ ರಿಬ್ಬನ್ನು ಹಿಡಿದುಕೊಂಡು, "ಆಯೀ, ಇದೊಂದ ಕಟ್ಟ ಬಾ" ಎನ್ನುತ್ತಾ ಅಡುಗೆಮನೆಗೆ ಹೋದಳು.